ಪೂಜೆಯ ತಟ್ಟೆಯ ರಾಣಿ ರೂಪಾಯಿ: ಇಸವಿ ನೋಡಿ ಮೋಸಹೋಗದಿರಿ

ವರಮಹಾಲಕ್ಷ್ಮಿ ಹಬ್ಬ ಬಂತೆಂದರೆ ಕೆಂಚಾರ್ಲಹಳ್ಳಿ, ಚಿಂತಾಮಣಿ ಸೀಮೆಯ ಹಳೆಯ ಮನೆತನಗಳಲ್ಲಿ ಪೆಟ್ಟಿಗೆಯಿಂದ ಹೊರಬರುವ ಬೆಳ್ಳಿ ನಾಣ್ಯಗಳ ಪೈಕಿ ವಿಕ್ಟೋರಿಯಾ ರಾಣಿಯ ಮುಖವುಳ್ಳ ರೂಪಾಯಿಯೂ ಒಂದು. ಇದನ್ನು ರಾಣಿಯ ನೆನಪಿಗಾಗಿ ಹೊರತಂದ ಸ್ಮಾರಕ ನಾಣ್ಯವೆಂದು ಭಾವಿಸುವವರುಂಟು. ವಾಸ್ತವವಾಗಿ ಇದು ಸಂತೆ, ಕಂದಾಯ, ಕೂಲಿಗಳಲ್ಲಿ ಕೈಬದಲಾಗುತ್ತಿದ್ದ ದಿನಬಳಕೆಯ ಹಣ.

ಮೈಸೂರು ಸಂಸ್ಥಾನದ ಟಂಕಸಾಲೆಯನ್ನು 1833ರಲ್ಲಿ ಬೆಂಗಳೂರಿಗೆ ಸ್ಥಳಾಂತರಿಸಿ, 1843ರಲ್ಲಿ ಮುಚ್ಚಲಾಯಿತು. ಅನಂತರ ಇಲ್ಲಿಯೂ ಬ್ರಿಟಿಷ್ ಇಂಡಿಯಾದ ರೂಪಾಯಿಯೇ ಚಲಾವಣೆಯಲ್ಲಿ ನೆಲೆಗೊಂಡಿತು.

ಮೂರು ಬಗೆ

ರಾಣಿ ರೂಪಾಯಿಯಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ. 1840ರ ನಾಣ್ಯದ ಹಿಂಬದಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹೆಸರಿದೆ. ಕಂಪನಿಯ ಆಡಳಿತ 1858ರಲ್ಲಿ ಕೊನೆಗೊಂಡ ಬಳಿಕ ಬಂದ 1862ರ ನಾಣ್ಯದಲ್ಲಿ ಕಿರೀಟಧಾರಿ ವಿಕ್ಟೋರಿಯಾಳ ಹೆಸರಿನೊಡನೆ ‘ಕ್ವೀನ್’ ಎಂದಿದೆ. 1877ರಿಂದ ಆ ಜಾಗಕ್ಕೆ ‘ಎಂಪ್ರೆಸ್’ ಎಂಬ ಬಿರುದು ಬಂದಿತು. ಈ ಅಚ್ಚು 1901ರವರೆಗೂ ಮುಂದುವರಿಯಿತು.

ಮೂರರ ತೂಕವೂ ಒಂದೇ: ಒಂದು ತೊಲ, ಅಂದರೆ ಸುಮಾರು 11.66 ಗ್ರಾಂ. ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ. ಅಪ್ಪಟ ಬೆಳ್ಳಿಯ ಅಂಶ ಸುಮಾರು 10.69 ಗ್ರಾಂ. ಸವೆದ ನಾಣ್ಯ ತುಸು ಕಡಿಮೆ ತೂಗಬಹುದು.

ತಪ್ಪು ಕಲ್ಪನೆ

1862 ಎಂಬ ಇಸವಿ ಕಂಡೊಡನೆ ಲಕ್ಷಾಂತರ ಬೆಲೆಯ ಕನಸು ಕಾಣುವುದು ಸಲ್ಲದು. ಅದೇ ಇಸವಿಯನ್ನು ಉಳಿಸಿಕೊಂಡು 1874ರವರೆಗೂ ಕೋಟಿಗಟ್ಟಲೆ ನಾಣ್ಯಗಳನ್ನು ಅಚ್ಚುಹಾಕಲಾಯಿತು. ಆದ್ದರಿಂದ ಬೆಲೆಯನ್ನು ನಿರ್ಧರಿಸುವುದು ಇಸವಿಯೊಂದೇ ಅಲ್ಲ. ಅಚ್ಚಿನ ಸೂಕ್ಷ್ಮ ಭೇದ, ಟಂಕಸಾಲೆಯ ಗುರುತು ಮತ್ತು ನಾಣ್ಯದ ಸ್ಥಿತಿಯೂ ಮುಖ್ಯ. ಹುಣಸೆಹಣ್ಣು ಹಚ್ಚಿ ತಿಕ್ಕಿ ಬೆಳಗಿದಷ್ಟೂ ಅಕ್ಷರಗಳು ಸವೆದು ಸಂಗ್ರಾಹಕರ ದೃಷ್ಟಿಯಲ್ಲಿ ಮೌಲ್ಯ ಕುಗ್ಗುತ್ತದೆ.

ಪೂಜೆಗೆಂದು ಇದೇ ಅಚ್ಚಿನ ಅನುಕರಣೆಗಳೂ ಮಾರಾಟವಾಗುತ್ತವೆ. ಅಯಸ್ಕಾಂತಕ್ಕೆ ಅಂಟಿದರೆ ಅದು ಬೆಳ್ಳಿಯಲ್ಲ. ಅಂಟದಿದ್ದ ಮಾತ್ರಕ್ಕೆ ಅಸಲಿಯೆಂದೂ ಅಲ್ಲ. ತೂಕ ಹಾಗೂ ಬೆಳ್ಳಿಯ ಶುದ್ಧತೆಯನ್ನು ಪರೀಕ್ಷಿಸಬೇಕು.

ಹಳೆಯ ನಾಣ್ಯಗಳನ್ನು ಕೊಳ್ಳುವುದಾಗಿ ರಿಸರ್ವ್ ಬ್ಯಾಂಕಿನ ಹೆಸರಿನಲ್ಲಿ ಶುಲ್ಕ, ಕಮಿಷನ್ ಕೇಳುವವರ ಬಗ್ಗೆಯೂ ಎಚ್ಚರ ಅಗತ್ಯ. ಅಂತಹ ವ್ಯವಹಾರವನ್ನು ತಾನು ನಡೆಸುವುದಿಲ್ಲ, ಯಾರಿಗೂ ಅಧಿಕಾರ ನೀಡಿಲ್ಲ ಎಂದು ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. ನೂರು ವರ್ಷ ದಾಟಿದ ನಾಣ್ಯಗಳು 1972ರ ಪುರಾತನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರುವುದರಿಂದ ಖಾಸಗಿಯವರು ಅವುಗಳನ್ನು ವಿದೇಶಕ್ಕೆ ಸಾಗಿಸುವಂತಿಲ್ಲ.

ಕರಗಿಸಿದರೆ ಕೈಗೆ ಬರುವುದು ಹತ್ತು ಗ್ರಾಂ ಚಿಲ್ಲರೆ ಬೆಳ್ಳಿ ಮಾತ್ರ. ಮಾರುವ ಮುನ್ನ ನಾಣ್ಯ ಬಲ್ಲ ಒಬ್ಬರಿಗಾದರೂ ತೋರಿಸುವುದು ಲೇಸು.