ಮಳೆಯ ದಿನದ ಸವಾರರು

ಶ್ರೀರಂಗಪಟ್ಟಣದ ನೆರೆಯ ಪಾಲಹಳ್ಳಿಯು ಕಬ್ಬಿಗೂ ಬೆಲ್ಲಕ್ಕೂ ಹೆಸರಾದುದು. ಅಷ್ಟಗ್ರಾಮ ಸಕ್ಕರೆ ಕಾರ್ಖಾನೆಯು 1847ರಲ್ಲಿ ಸ್ಥಾಪಿತವಾದುದು ಇಲ್ಲಿಯೇ. ಅಂದು ಕಾರ್ಖಾನೆಯು ಹಳ್ಳಿಗೆ ಬಂದಿತು. ಇಂದು ಹಳ್ಳಿಯ ತರುಣರು ಸ್ಕೂಟರುಗಳನ್ನೇರಿ ಮೈಸೂರಿನ ಕಾರ್ಖಾನೆ ಕಚೇರಿಗಳಿಗೆ ಹೋಗಿಬರುತ್ತಾರೆ.

ಮಳೆ ಬಂದಿತೆಂದರೆ ಈ ಪ್ರಯಾಣವು ಪ್ರಾಣಸಂಕಟವೇ ಸರಿ. ಕಬ್ಬಿನ ಗಾಡಿ, ಟ್ರ್ಯಾಕ್ಟರುಗಳಿಂದುದುರಿದ ಗದ್ದೆಯ ಕೆಸರೂ ಎಣ್ಣೆಯ ಜಿಡ್ಡೂ ಮೊದಲ ಹನಿಗಳೊಡನೆ ಬೆರೆತು ರಸ್ತೆಯು ಜಾರತೊಡಗುತ್ತದೆ. ನೀರು ತುಂಬಿದ ಗುಂಡಿಯ ಆಳವು ಕಾಣದು. ಗಂಟೆಗೆ 60 ಕಿಲೋಮೀಟರಿನ ವೇಗವನ್ನು 30ಕ್ಕೆ ಇಳಿಸಿದಲ್ಲಿ, ಬ್ರೇಕು ಹಿಡಿದ ಮೇಲೆ ವಾಹನವು ಸಾಗುವ ದೂರವು ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ನಿಧಾನವೇ ಕ್ಷೇಮವೆಂಬುದನ್ನು ಸವಾರರು ಅರಿಯದವರಲ್ಲ. ಆದರೂ ಧಾವಿಸುವುದೇಕೆ? ತಡವಾದರೆ ಸಂಬಳದಲ್ಲಿ ಕಡಿತವಾದೀತೆಂಬ ಭಯದಿಂದ.

1988ರ ಮೋಟಾರು ವಾಹನ ಕಾಯಿದೆಯು ಸವಾರನಿಗೂ ಹಿಂದೆ ಕುಳಿತವರಿಗೂ ಶಿರಸ್ತ್ರಾಣವನ್ನು ವಿಧಿಸಿರುವುದು ಯುಕ್ತವೇ. ಆದರೆ ಜೀವರಕ್ಷಣೆಯ ಹೊಣೆಯೆಲ್ಲವೂ ಸವಾರನೊಬ್ಬನದೇ ಎನ್ನುವುದು ನ್ಯಾಯವಲ್ಲ. ಮಾಲೀಕರು ಬಿರುಮಳೆಯ ದಿನ ಅರ್ಧ ಗಂಟೆಯ ರಿಯಾಯಿತಿ ಕೊಡಲಿ. ಅಧಿಕಾರಿಗಳು ಮಳೆಗಾಲಕ್ಕೆ ಮೊದಲೇ ಗುಂಡಿಗಳನ್ನು ಮುಚ್ಚಿಸಲಿ. ಟ್ರ್ಯಾಕ್ಟರಿನವರು ಚಕ್ರದ ಕೆಸರನ್ನು ಗದ್ದೆಯಲ್ಲಿಯೇ ಕೆಡವಿ ರಸ್ತೆಗೆ ಬರಲಿ. ಸವಾರ ಬಂಧುಗಳಲ್ಲಿ ನಮ್ಮ ವಿಜ್ಞಾಪನೆಯು ಇಷ್ಟೇ: ಮಳೆ ಬಿರುಸಾದಾಗ ನಿಲ್ಲಿರಿ. ತಡವಾಗಿ ತಲಪುವುದರಲ್ಲಿ ಅವಮಾನವೇನೂ ಇಲ್ಲ.