ಕ್ಷಯದ ಕ್ರಿಮಿ, ಬೆಣಚುಕಲ್ಲಿನ ಧೂಳು

ಮಾಲೂರಿನ ಓದುಗರೊಬ್ಬರ ಪ್ರಶ್ನೆ: ‘ಮನೆಯಲ್ಲಿ ಒಬ್ಬರಿಗೆ ಕ್ಷಯ ಬಂತು. ನನ್ನನ್ನೂ ಪರೀಕ್ಷೆ ಮಾಡಿ, ಒಳಗೆ ಕ್ರಿಮಿ ಇದೆ, ಕಾಯಿಲೆ ಇಲ್ಲ ಅಂದರು. ಇದು ಯಾವ ಸೀಮೆ ಲೆಕ್ಕ?’

ಲೆಕ್ಕ ಸರಿಯಾಗಿಯೇ ಇದೆ. ಪ್ರಪಂಚದ ಸುಮಾರು ಕಾಲುಭಾಗ ಜನರಿಗೆ ಈ ಕ್ರಿಮಿ ಸೋಂಕಿದೆ. ಅವರಲ್ಲಿ ಜೀವಮಾನದಲ್ಲಿ ಕಾಯಿಲೆ ಬೀಳುವವರು ನೂರಕ್ಕೆ 5ರಿಂದ 10 ಮಂದಿ. ಉಳಿದವರ ಎದೆಯೊಳಗೆ ನಡೆಯುವುದೇ ಸೊಗಸು. ಶ್ವಾಸಕೋಶಕ್ಕೆ ಬಂದ ಕ್ರಿಮಿಯನ್ನು ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶ ನುಂಗುತ್ತದೆ, ಆದರೆ ಅರಗಿಸಿಕೊಳ್ಳಲಾರದು. ಕ್ರಿಮಿ ಅಲ್ಲೇ ಬಿಡಾರ ಹೂಡುತ್ತದೆ. ಆಗ ಮತ್ತಷ್ಟು ಕೋಶಗಳು ಸುತ್ತ ಒತ್ತೊತ್ತಾಗಿ ನೆರೆದು ಗಂಟು ಕಟ್ಟುತ್ತವೆ. ಕಚ್ಚುವ ನಾಯಿಯನ್ನು ಕೊಲ್ಲಲಾಗದೆ ಕಟ್ಟಿಹಾಕಿದ ಹಾಗೆ. ಕೊಂದೇ ತೀರುತ್ತೇನೆಂದು ದೇಹ ಹಟ ಹಿಡಿದು ಉರಿಯೂತ ಹೆಚ್ಚಿಸಿದರೆ ಶ್ವಾಸಕೋಶವೇ ಕರಗಿ ಗುಳಿಬೀಳುತ್ತದೆ. ಸಡಿಲ ಬಿಟ್ಟರೆ ಕ್ರಿಮಿ ಹೊರಬೀಳುತ್ತದೆ.

ಈ ಹಗ್ಗ ಹರಿಯುವುದಕ್ಕೆ ಕೋಲಾರದವರು ದೂರದ ಉದಾಹರಣೆ ಹುಡುಕಬೇಕಿಲ್ಲ. ಕೆಜಿಎಫ್ ಚಿನ್ನ ಅಡಗಿದ್ದದ್ದು ಬೆಣಚುಕಲ್ಲಿನ ಎಳೆಗಳಲ್ಲಿ. ಬೆಣಚು ಎಂದರೆ ಸಿಲಿಕಾ. 1880ರ ದಶಕದಿಂದ 2001ರವರೆಗೆ ಅಲ್ಲಿ ದುಡಿದವರು, ಮೂರು ಕಿಲೋಮೀಟರಿಗೂ ಕೆಳಗಿಳಿದು ಕೊರೆದವರು, ಉಸಿರಾಡಿದ್ದು ಅದರ ಧೂಳನ್ನು. ಕಣ್ಣಿಗೆ ಕಾಣದ ಆ ಹರಳನ್ನು ನುಂಗುವುದೂ ಅದೇ ಭಕ್ಷಕ ಕೋಶ. ಹರಳು ಕೋಶದ ಒಳಚೀಲವನ್ನು ಹರಿಯುತ್ತದೆ, ಕೋಶ ಸಾಯುತ್ತದೆ, ಹರಳು ಮಾತ್ರ ಸವೆಯದೆ ಮುಂದಿನ ಕೋಶದ ಬಾಯಿಗೆ ಬೀಳುತ್ತದೆ. ಅದೂ ಸಾಯುತ್ತದೆ. ಗಣಿ ಬಿಟ್ಟು ವರ್ಷಗಳಾದರೂ ಇದು ನಿಲ್ಲದು. ಕಟ್ಟಿಹಾಕಿದವರೇ ಸಾಲುಸಾಲಾಗಿ ಸತ್ತರೆ ಹಗ್ಗ ಹಿಡಿಯುವವರು ಯಾರು? ಸಿಲಿಕೋಸಿಸ್ ಇದ್ದವರಿಗೆ ಕ್ಷಯದ ಅಪಾಯ ಹಲವು ಪಟ್ಟು ಹೆಚ್ಚುವುದು ಹೀಗೆ. ಟೇಕಲ್ ಸುತ್ತಿನ ಕ್ವಾರಿಗಳಲ್ಲಿ ಮೂಗಿಗೆ ಟವೆಲ್ ಸುತ್ತಿಕೊಂಡವರೇ, ನೇಯ್ಗೆ ದಾಟಿಹೋಗುವಷ್ಟು ಸಣ್ಣ ಧೂಳೇ ಎದೆಯ ತಳಮುಟ್ಟುವುದು. ಕಲ್ಲಿಗೆ ನೀರು ಬಿಟ್ಟು ಕೊರೆಯುವುದು ಮೇಲು.

ಇನ್ನು ನಮ್ಮವರ ಬುದ್ಧಿ ನೋಡಿ. ಕ್ಷಯ ಎಂದೊಡನೆ ತಟ್ಟೆ ಲೋಟ ಬೇರೆ ಇಟ್ಟು, ರೋಗಿಗೆ ಗಾಳಿ ಸೋಕಬಾರದೆಂದು ಕಿಟಕಿ ಮುಚ್ಚುತ್ತಾರೆ! ಕ್ರಿಮಿ ಹರಡುವುದು ತಟ್ಟೆಯಿಂದಲ್ಲ, ಮುಚ್ಚಿದ ಕೋಣೆಯ ಗಾಳಿಯಿಂದ. ಮನೆತನದ ಶಾಪವೆಂದು ತಾಯಿತ ಕಟ್ಟುವವರಿಗಂತೂ ರಾಬರ್ಟ್ ಕಾಖ್ 1882ರಲ್ಲೇ ಕ್ರಿಮಿಯನ್ನು ತೋರಿಸಿಕೊಟ್ಟಿದ್ದಾನೆ.

ಪ್ರಶ್ನೆ ಕೇಳಿದವರು ಗಾಬರಿಯಾಗಬೇಕಿಲ್ಲ. ಕಾಯಿಲೆ ಏಳದಿರುವವರೆಗೆ ನಿಮ್ಮಿಂದ ಯಾರಿಗೂ ಅಂಟದು. ಅದು ಏಳದಂತೆ ತಡೆಯುವ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಸಕ್ಕರೆ ಕಾಯಿಲೆಯಿದ್ದರೆ ಹಿಡಿತದಲ್ಲಿಡಿ. ಮುಂದೆಂದಾದರೂ ಕೀಲುವಾತಕ್ಕೆ ಚುಚ್ಚುಮದ್ದು ಬರೆದುಕೊಟ್ಟರೆ ಈ ಪರೀಕ್ಷೆಯ ವಿಷಯ ವೈದ್ಯರಿಗೆ ಮೊದಲೇ ಹೇಳಿ. ಅಂಥ ಕೆಲವು ಔಷಧಿಗಳು ಉರಿಯೂತ ಇಳಿಸುವ ಭರದಲ್ಲಿ ಆ ಗಂಟನ್ನೂ ಬಿಚ್ಚಿಬಿಡುತ್ತವೆ.