ಒಂದು ಗಂಟೆಯ ಕತ್ತಲೆ: ಭಕ್ತರ ಪ್ರಶ್ನೆಗಳಿಗೊಂದು ವಿವರಣೆ

ಮಾರ್ಚ್ ತಿಂಗಳ ಕೊನೆಯ ಶನಿವಾರ ರಾತ್ರಿ 8:30ರಿಂದ 9:30ರವರೆಗೆ ಶ್ರೀಮಠದ ಆವರಣದಲ್ಲಿ ವಿದ್ಯುದ್ದೀಪಗಳನ್ನು ಆರಿಸಲಾಗುವುದೆಂಬ ಸೂಚನೆಯನ್ನು ದಾಸೋಹ ಭವನದ ಫಲಕದಲ್ಲಿ ಅಂಟಿಸಿದ ದಿನವೇ ವಯಸ್ಸಾದ ತಾಯಿಯೊಬ್ಬರು ಕಚೇರಿಗೆ ಬಂದರು. "ತಮ್ಮಾ, ಮನಿಯಾಗ ದೀಪ ಆರೇದ ಅನ್ನೂ ಮಾತನ್ನ ಬಾಯಾಗ ತರೂದಿಲ್ಲ ನಾವು. ಮಠದಾಗ ನೀವ ಆರಸ್ತೀರೇನ?" ಎಂದು ಕೇಳಿದರು. ಮರುದಿನ ಇಂಜಿನಿಯರಿಂಗ್ ಓದುತ್ತಿರುವ ತರುಣನೊಬ್ಬನ ಪ್ರಶ್ನೆ ಬೇರೆಯಾಗಿತ್ತು: "ಸರ್, ವರ್ಷಕ್ಕ ಒಂದ್ ತಾಸು ಲೈಟ್ ಬಂದ್ ಮಾಡಿದ್ರ ಎಷ್ಟ್ ಕರೆಂಟ್ ಉಳಿತದರೀ?" ಎರಡೂ ಪ್ರಶ್ನೆಗಳು ನ್ಯಾಯವಾದವು. ಉತ್ತರ ಹೇಳದೆ ಕೇವಲ ಸೂಚನೆಯನ್ನು ಪಾಲಿಸಿರೆಂದು ಭಕ್ತರಿಗೆ ಹೇಳುವುದು ಅರಿವನ್ನೇ ಗುರುವೆಂದು ನಂಬಿದ ಪರಂಪರೆಗೆ ಒಪ್ಪುವ ಮಾತಲ್ಲ. ಆದುದರಿಂದ ಈ ಬರಹ.

ಮೊದಲು ತಾಯಿಯವರ ಪ್ರಶ್ನೆ. ಸಂಜೆ ಹಚ್ಚಿದ ಎಣ್ಣೆಯ ದೀಪವನ್ನು ಯಾರೂ ಆರಿಸುವುದಿಲ್ಲ. ಕರ್ತೃ ಗದ್ದುಗೆಯ ಮುಂದಿನ ನಂದಾದೀಪ ಎಂದಿನಂತೆಯೇ ಇರುತ್ತದೆ. ಮನೆಯ ಜಗಲಿಯ ದೀಪವೂ ಹಾಗೆಯೇ. ಗುಂಡಿ ಒತ್ತಿದರೆ ಹೊತ್ತಿಕೊಳ್ಳುವ ವಿದ್ಯುದ್ದೀಪಗಳು ಮಾತ್ರ ಒಂದು ಗಂಟೆ ವಿಶ್ರಾಂತಿ ಪಡೆಯುತ್ತವೆ. ಹಾಗೆ ನೋಡಿದರೆ ಆ ಹೊತ್ತಿನಲ್ಲಿ ಗದ್ದುಗೆಯ ದೀಪ ಎಷ್ಟು ಬೆಳಕು ಕೊಡುತ್ತದೆಂಬುದು ನಮಗೆ ಕಾಣುವುದು ಅಪರೂಪ. ಇದನ್ನು ಹೇಳಿದಾಗ ಆ ತಾಯಿ ಸಮಾಧಾನದಿಂದ ಹೋದರು.

ಇನ್ನು ಈ ಆಚರಣೆಯ ಹಿನ್ನೆಲೆ. ಜಗತ್ತು ಇದನ್ನು 'ಅರ್ಥ್ ಅವರ್' ಎಂದು ಕರೆಯುತ್ತದೆ. 2007ರ ಮಾರ್ಚ್ 31ರಂದು ಆಸ್ಟ್ರೇಲಿಯಾದ ಸಿಡ್ನಿ ನಗರದಲ್ಲಿ ಡಬ್ಲ್ಯುಡಬ್ಲ್ಯುಎಫ್ ಎಂಬ ಪರಿಸರ ಸಂಸ್ಥೆಯ ಕರೆಯಂತೆ ಜನರು ಮೊದಲ ಬಾರಿಗೆ ಒಂದು ಗಂಟೆ ದೀಪಗಳನ್ನು ಆರಿಸಿದರು. ಮರುವರ್ಷವೇ ಅದು ಬೇರೆ ದೇಶಗಳಿಗೆ ಹಬ್ಬಿತು. ಭಾರತವು 2009ರಲ್ಲಿ ಸೇರಿಕೊಂಡಿತು. ಸಾಮಾನ್ಯವಾಗಿ ಮಾರ್ಚ್‌ನ ಕೊನೆಯ ಶನಿವಾರ, ಕೆಲವು ವರ್ಷ ಅದಕ್ಕೆ ಒಂದು ವಾರ ಮೊದಲು, ಆಯಾ ಊರಿನ ಗಡಿಯಾರದ ಪ್ರಕಾರ ರಾತ್ರಿ 8:30ಕ್ಕೆ ಇದು ಆರಂಭವಾಗುತ್ತದೆ. ಇದರಲ್ಲಿ ಯಾವ ಮತದ ವಿಧಿಯೂ ಇಲ್ಲ, ಯಾವ ಪಕ್ಷದ ಕಾರ್ಯಕ್ರಮವೂ ಇಲ್ಲ. ಹೊರಗಿನಿಂದ ಬಂದದ್ದು ಎಂಬ ಒಂದೇ ಕಾರಣಕ್ಕೆ ದೂರವಿಡಬೇಕಾದದ್ದೂ ಅಲ್ಲ.

ತರುಣನ ಪ್ರಶ್ನೆಗೆ ಉತ್ತರ ಕೊಡುವುದು ಇಷ್ಟು ಸುಲಭವಲ್ಲ. ಪ್ರಾಮಾಣಿಕವಾಗಿ ಹೇಳುವುದಾದರೆ, ಉಳಿಯುವುದು ಅತ್ಯಲ್ಪ.

ಸಾವಿರ ವಾಟ್‌ನ ಉಪಕರಣ ಒಂದು ಗಂಟೆ ನಡೆದರೆ ಒಂದು ಯೂನಿಟ್. ಇಂದು ನಮ್ಮ ಮನೆಗಳಲ್ಲಿರುವ ಎಲ್‌ಇಡಿ ಬಲ್ಬು ಬಹುಮಟ್ಟಿಗೆ 9 ವಾಟ್‌ನದು. ಹಿಂದಿನ 60 ವಾಟ್‌ನ ಗಾಜಿನ ಬುರುಡೆ ಬಲ್ಬಿನ ಕಾಲದಲ್ಲಿ ದೀಪ ಆರಿಸುವುದಕ್ಕೆ ದೊಡ್ಡ ಅರ್ಥವಿತ್ತು. ಈಗ ಒಂದು ಮನೆಯ ಹತ್ತು ಬಲ್ಬುಗಳನ್ನು ಒಂದು ಗಂಟೆ ಆರಿಸಿದರೆ ಉಳಿಯುವುದು 90 ವಾಟ್-ಗಂಟೆ, ಎಂದರೆ ಯೂನಿಟ್ಟಿನ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಸ್ನಾನದ ಮನೆಯ 2,000 ವಾಟ್‌ನ ಗೀಸರ್ ಮೂರು ನಿಮಿಷ ಕಾಯ್ದರೆ ಆ ಉಳಿತಾಯವೆಲ್ಲ ಮುಗಿದುಹೋಗುತ್ತದೆ. ಬೆಳಗ್ಗೆ ಗೀಸರ್ ಹಾಕಿ ಮರೆತು ಪೂಜೆಗೆ ಕುಳಿತವರು ರಾತ್ರಿ ದೀಪ ಆರಿಸಿ ಧನ್ಯರಾದೆವೆಂದುಕೊಂಡರೆ ಅದು ಲೆಕ್ಕಕ್ಕೆ ನಿಲ್ಲುವುದಿಲ್ಲ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. ವಿದ್ಯುತ್ತು ಹಗೇವಿನಲ್ಲಿ ತುಂಬಿಟ್ಟ ಜೋಳದಂತೆ ಅಲ್ಲ. ಬ್ಯಾಟರಿಗಳಲ್ಲಿ ಕೂಡಿಡುವ ಸ್ವಲ್ಪ ಭಾಗವನ್ನು ಬಿಟ್ಟರೆ, ಆ ಕ್ಷಣಕ್ಕೆ ಎಷ್ಟು ಬೇಕೋ ಅಷ್ಟನ್ನು ಆ ಕ್ಷಣದಲ್ಲಿಯೇ ಉತ್ಪಾದಿಸಬೇಕು. ಬೇಡಿಕೆ ಮತ್ತು ಪೂರೈಕೆಯ ಈ ತಕ್ಕಡಿ ಸಮತೂಕದಲ್ಲಿದೆಯೇ ಎಂಬುದನ್ನು ತೋರಿಸುವುದು 50 ಹರ್ಟ್ಸ್ ಎಂಬ ಆವರ್ತನ. ಬಳಕೆ ಹಠಾತ್ತನೆ ಕುಸಿದರೆ ಆವರ್ತನ ಏರುತ್ತದೆ, ಹಠಾತ್ತನೆ ಹೆಚ್ಚಿದರೆ ಇಳಿಯುತ್ತದೆ. ಎರಡೂ ಅತಿಯಾದರೆ ಇಡೀ ಜಾಲಕ್ಕೆ ಅಪಾಯ.

ನಮ್ಮ ದೇಶದಲ್ಲಿಯೇ ಇದರ ದೊಡ್ಡ ಪರೀಕ್ಷೆ ನಡೆದುದು ನಿಮಗೆ ನೆನಪಿರಬಹುದು. 2020ರ ಏಪ್ರಿಲ್ 5ರಂದು, ಲಾಕ್‌ಡೌನ್ ಕಾಲದಲ್ಲಿ, ಪ್ರಧಾನಮಂತ್ರಿಗಳ ಕರೆಯಂತೆ ರಾತ್ರಿ 9 ಗಂಟೆಗೆ ದೇಶದ ಜನ 9 ನಿಮಿಷ ವಿದ್ಯುದ್ದೀಪ ಆರಿಸಿ ಹಣತೆ ಹಚ್ಚಿದರು. ಬೇಡಿಕೆ 12ರಿಂದ 14 ಸಾವಿರ ಮೆಗಾವಾಟ್ ಇಳಿಯಬಹುದೆಂದು ಜಾಲದ ನಿರ್ವಾಹಕರು ಅಂದಾಜು ಮಾಡಿದ್ದರು. ಇಳಿದದ್ದು 31 ಸಾವಿರ ಮೆಗಾವಾಟ್‌ಗೂ ಹೆಚ್ಚು. ಜಾಲ ಕುಸಿಯಲಿಲ್ಲ, ಏಕೆಂದರೆ ಜಲವಿದ್ಯುತ್ತನ್ನು ಮೊದಲೇ ಹೆಚ್ಚಿಸಿ ಸಿದ್ಧವಾಗಿಟ್ಟುಕೊಂಡು, ಆ ಹೊತ್ತಿಗೆ ಸುಮಾರು 25,500 ಮೆಗಾವಾಟ್‌ನಿಂದ 8,000 ಮೆಗಾವಾಟ್‌ವರೆಗೆ ಕೆಲವೇ ನಿಮಿಷಗಳಲ್ಲಿ ಇಳಿಸಿದರು. ನೀರಿನ ಹರಿವನ್ನು ಬೇಗನೆ ತಡೆಯಬಹುದು. ಕಲ್ಲಿದ್ದಲಿನ ಕುಲುಮೆ ಹಾಗಲ್ಲ. ಅದನ್ನು ಒಂದು ಗಂಟೆಗೆಂದು ಆರಿಸಿ ಮತ್ತೆ ಹೊತ್ತಿಸಲು ಬರುವುದಿಲ್ಲ, ಇಳಿಸಿದರೂ ನಿಧಾನವಾಗಿ ಇಳಿಸಬೇಕು. ಆದುದರಿಂದ ವರ್ಷಕ್ಕೊಮ್ಮೆ ಒಂದು ಗಂಟೆ ಎಲ್ಲರೂ ಕೂಡಿ ದೀಪ ಆರಿಸಿದಾಗ ಉಳಿಯುವ ಕಲ್ಲಿದ್ದಲು, ನಾವು ಊಹಿಸಿಕೊಳ್ಳುವಷ್ಟು ಅಲ್ಲ.

ಹಾಗಾದರೆ ಏಕೆ ಆರಿಸಬೇಕು? ನನಗೆ ತಿಳಿದಂತೆ, ಈ ಒಂದು ಗಂಟೆಯನ್ನು ಉಳಿತಾಯವೆಂದು ಕರೆಯುವುದೇ ತಪ್ಪು. ಅದೊಂದು ಸಂಕಲ್ಪದ ಹೊತ್ತು. ಇಷ್ಟಲಿಂಗ ಪೂಜೆಗೆ ಕುಳಿತಾಗ ನಾವು ದಿನದ ವ್ಯವಹಾರದಿಂದ ಹಿಂದೆ ಸರಿಯುವುದು ಉಳಿದ ಹೊತ್ತು ಹೇಗೆ ಬದುಕಬೇಕೆಂಬುದು ತಿಳಿಯಲೆಂದೇ ಅಲ್ಲವೆ? ಇದೂ ಹಾಗೆ.

ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಅರ್ಪಿತವಾದ ಪದಾರ್ಥ ಪ್ರಸಾದವಾಗುತ್ತದೆ, ಪ್ರಸಾದವಾದುದನ್ನು ಚೆಲ್ಲುವಂತಿಲ್ಲ. ನಮ್ಮ ಹಿರಿಯರು ಗಂಗಾಳದಲ್ಲಿ ಒಂದು ಅಗುಳನ್ನೂ ಬಿಡುತ್ತಿರಲಿಲ್ಲ. ಗಂಗಾಳ ತೊಳೆದ ನೀರನ್ನೂ ಕುಡಿಯುತ್ತಿದ್ದರು. ಇಂದಿಗೂ ನಮ್ಮ ದಾಸೋಹ ಭವನದಲ್ಲಿ ಬಹುಪಾಲು ಭಕ್ತರು ಎಲೆಯಲ್ಲಿ ಏನನ್ನೂ ಬಿಡದೆ ಏಳುತ್ತಾರೆ. ಆದರೆ ಅವರು ಎದ್ದುಹೋದ ಮೇಲೆ ಬರಿಯ ಪಂಕ್ತಿಯ ಮೇಲೆ ಎಂಟು ಫ್ಯಾನುಗಳು ತಿರುಗುತ್ತಲೇ ಇರುತ್ತವೆ. ಅಗುಳಿನ ವಿಷಯದಲ್ಲಿ ಇರುವ ಎಚ್ಚರ ಗುಂಡಿಯ ವಿಷಯದಲ್ಲಿ ಏಕಿಲ್ಲ? ಅಗುಳು ಕಣ್ಣಿಗೆ ಕಾಣುತ್ತದೆ, ಅದರ ಹಿಂದಿನ ಒಕ್ಕಲಿಗನ ಬೆವರು ನಮಗೆ ಗೊತ್ತು. ವಿದ್ಯುತ್ತು ಕಾಣುವುದಿಲ್ಲ. ಅದು ಎಲ್ಲಿಂದ ಬಂತೆಂಬುದನ್ನು ನಾವು ನೆನೆಯುವುದಿಲ್ಲ.

ಅದು ಬರುವುದು ಶರಾವತಿಯಿಂದ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಮನೆ, ಗದ್ದೆ, ತೋಟ, ಗುಡಿಗಳನ್ನು ನೀರಿಗೆ ಬಿಟ್ಟು ಎದ್ದುಬಂದವರ ಮಕ್ಕಳು ಮೊಮ್ಮಕ್ಕಳು ಇಂದಿಗೂ ತಾವು ನೆಲೆಸಿದ ಭೂಮಿಯ ಹಕ್ಕಿಗಾಗಿ ಕಚೇರಿಗಳನ್ನು ಸುತ್ತುತ್ತಿದ್ದಾರೆ. 'ಮುಳುಗಡೆ' ಎಂಬ ಪದ ಮಲೆನಾಡಿನಲ್ಲಿ ಒಂದು ತಲೆಮಾರಿನ ಹೆಸರಾಗಿಬಿಟ್ಟಿದೆ. ಅದು ಬರುವುದು ಕೃಷ್ಣೆಯ ದಂಡೆಯ ಶಕ್ತಿನಗರದಿಂದ. ಅಲ್ಲಿಯ 1,720 ಮೆಗಾವಾಟ್ ಸಾಮರ್ಥ್ಯದ ರಾಯಚೂರು ಸ್ಥಾವರಕ್ಕೆ ಹೊರರಾಜ್ಯದ ಗಣಿಗಳಿಂದ ರೈಲಿನಲ್ಲಿ ಕಲ್ಲಿದ್ದಲು ಬರುತ್ತದೆ. ನಮ್ಮ ದೇಶದ ಕಲ್ಲಿದ್ದಲಿನಿಂದ ಒಂದು ಯೂನಿಟ್ ವಿದ್ಯುತ್ ಪಡೆಯಲು ಸರಿಸುಮಾರು 700 ಗ್ರಾಂ ಸುಡಬೇಕಾಗುತ್ತದೆ. ಅದರ ಬೂದಿ ಮತ್ತು ಹೊಗೆ ಸುತ್ತಲಿನ ಹಳ್ಳಿಗಳ ಪಾಲು.

ಅದೇ ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆಯ ಅಮರೇಶ್ವರದವರು ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಶರಣ ದಂಪತಿಗಳು. ಕಲ್ಯಾಣದಲ್ಲಿ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಅಡುಗೆಗೆ ಇಟ್ಟುಕೊಳ್ಳಲಿಲ್ಲ. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಮರಳಿ ಕಳಿಸಿದಳು. ಈ ಕಥೆಯನ್ನು ನಾವು ಪ್ರವಚನಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಆ ಅಕ್ಕಿ ಕದ್ದದ್ದಲ್ಲ, ಬಿಟ್ಟಿಯಾಗಿ ಬಿದ್ದದ್ದು ಎಂಬುದನ್ನು ಗಮನಿಸಬೇಕು. ಯಾರೂ ಕೇಳುವವರಿರಲಿಲ್ಲ. ಆದರೂ ಬೇಡವೆಂದಳು.

ಈ ಮಾತು ಇಂದು ನೇರವಾಗಿ ನಮಗೆ ತಾಗುತ್ತದೆ. 2023ರಿಂದ ನಮ್ಮ ರಾಜ್ಯದಲ್ಲಿ ಗೃಹಜ್ಯೋತಿ ಯೋಜನೆಯಡಿ 200 ಯೂನಿಟ್‌ವರೆಗೆ, ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿದ ಮಿತಿಯಲ್ಲಿ, ವಿದ್ಯುತ್ತು ಉಚಿತ. ಬಡ ಕುಟುಂಬಗಳಿಗೆ ಅದು ದೊಡ್ಡ ಆಸರೆ; ಯೋಜನೆಯ ಚರ್ಚೆ ಇಲ್ಲಿ ನಮ್ಮ ಕೆಲಸವಲ್ಲ. ಆದರೆ "ಹೆಂಗೂ ಬಿಲ್ ಬರೂದಿಲ್ಲ, ಇರ್ಲಿ ಬಿಡ್ರಿ" ಎಂಬ ಮಾತನ್ನು ನಾನೇ ಅನೇಕ ಮನೆಗಳಲ್ಲಿ ಕೇಳಿದ್ದೇನೆ. ಬಿಲ್ಲು ಸೊನ್ನೆಯಾದ ಮಾತ್ರಕ್ಕೆ ಕಲ್ಲಿದ್ದಲು ಸೊನ್ನೆಯಾಗುವುದಿಲ್ಲ. ಲಕ್ಕಮ್ಮನ ಮುಂದೆ ಆ ಮಾತನ್ನು ಆಡಲು ಬರುವುದೇ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕು.

ಇನ್ನೊಬ್ಬರಿಗೆ ಹೇಳುವ ಮೊದಲು ನಮ್ಮ ಕಥೆಯನ್ನೂ ಹೇಳಬೇಕು. ಕಳೆದ ವರ್ಷ ಶ್ರೀಮಠದಲ್ಲಿ ಮೊದಲ ಬಾರಿಗೆ ಈ ಆಚರಣೆ ನಡೆಯಿತು. ಅರವತ್ತು ಟ್ಯೂಬ್‌ಲೈಟುಗಳನ್ನು ಆರಿಸಿದೆವು. ತಲಾ 20 ವಾಟ್‌ನಂತೆ ಉಳಿದದ್ದು 1.2 ಯೂನಿಟ್. ಆದರೆ ಪೂಜ್ಯರ ಆಶೀರ್ವಚನ ಎಲ್ಲರಿಗೂ ಕೇಳಲಿ, ಮುಖ್ಯ ಸ್ವಿಚ್ಚನ್ನೇ ತೆಗೆದರೆ ಚೆನ್ನಾಗಿ ಕಾಣುತ್ತದೆ ಎಂಬ ವಿಚಾರದಿಂದ ಮೈಕಿಗಾಗಿ ಜನರೇಟರ್ ಹಚ್ಚಿಸಿದೆ. ಆ ಒಂದು ಗಂಟೆಯಲ್ಲಿ ಸುಮಾರು ಎರಡು ಲೀಟರ್ ಡೀಸೆಲ್ ಸುಟ್ಟಿತು. ಹೊಗೆ ಸಭೆಯ ಮೇಲೆಯೇ ಬಂತು. ಆ ನಿರ್ಧಾರ ನನ್ನದು. ಪೂಜ್ಯರು ಮರುದಿನ ಏನನ್ನೂ ಗದರಲಿಲ್ಲ, "ಲೆಕ್ಕ ಬರೆದಿದ್ದೀರಾ?" ಎಂದಷ್ಟೇ ಕೇಳಿದರು.

ಲೆಕ್ಕ ಬರೆಯಲು ಕುಳಿತಾಗಲೇ ಮಠದ ವಿದ್ಯುತ್ತು ಎಲ್ಲಿ ಹೋಗುತ್ತಿದೆಯೆಂಬುದು ತಿಳಿದದ್ದು. ದೀಪಗಳದ್ದು ಚಿಕ್ಕ ಪಾಲು. ಕೊಳವೆಬಾವಿಯ ಏಳೂವರೆ ಎಚ್‌ಪಿ ಪಂಪು ದಿನಕ್ಕೆ ಎರಡು ತಾಸು ನಡೆದರೆ 11 ಯೂನಿಟ್ಟಿಗೆ ಕಡಿಮೆಯಿಲ್ಲ. ಅದರಲ್ಲೂ ಆ ಪಂಪು ನಡೆಯುತ್ತಿದ್ದುದು ಸಂಜೆ ಏಳರಿಂದ ಒಂಬತ್ತು. ಅದು ಹಳೆಯ ರೂಢಿ. ದಾಸೋಹದ ಪಾತ್ರೆ ತೊಳೆದಾದ ಮೇಲೆ ಟಾಕಿ ತುಂಬಿಸುವುದು.

ಇಲ್ಲಿ ಹೊತ್ತಿನ ಮಹತ್ವವನ್ನು ಸ್ವಲ್ಪ ವಿವರಿಸಬೇಕು. ನಮ್ಮ ರಾಜ್ಯದಲ್ಲಿ ಹಗಲಿನಲ್ಲಿ ಸೌರವಿದ್ಯುತ್ತು ಬಹಳ. ತುಮಕೂರು ಜಿಲ್ಲೆಯ ಪಾವಗಡದ ಸೌರ ಪಾರ್ಕ್ ಒಂದರ ಸಾಮರ್ಥ್ಯವೇ 2,050 ಮೆಗಾವಾಟ್. ಸೂರ್ಯ ಮುಳುಗಿದ ಮೇಲೆ ಅದು ಸೊನ್ನೆ. ಆದರೆ ಮನೆಮನೆಗಳಲ್ಲಿ ದೀಪ, ಟಿ.ವಿ., ಮಿಕ್ಸರ್ ಎಲ್ಲವೂ ಹೊತ್ತಿಕೊಳ್ಳುವುದು ಆಗಲೇ. ಆ ಹೊರೆಯನ್ನು ಹೊರುವುದು ಮುಖ್ಯವಾಗಿ ಅಣೆಕಟ್ಟಿನ ನೀರು ಮತ್ತು ಕಲ್ಲಿದ್ದಲು. ಹೀಗಾಗಿ ಮಧ್ಯಾಹ್ನದ ಒಂದು ಯೂನಿಟ್ಟೂ ಸಂಜೆಯ ಒಂದು ಯೂನಿಟ್ಟೂ ಮೀಟರಿನಲ್ಲಿ ಒಂದೇ ಆದರೂ ಭೂಮಿಯ ಲೆಕ್ಕದಲ್ಲಿ ಒಂದೇ ಅಲ್ಲ. ಈಗ ನಮ್ಮ ಪಂಪು ಬೆಳಗಿನ ಹನ್ನೊಂದರಿಂದ ನಡೆಯುತ್ತದೆ. ಟಾಕಿ ತುಂಬಿ ಚೆಲ್ಲದಂತೆ ತೇಲುಗುಂಡಿನ ಸ್ವಿಚ್ಚನ್ನೂ ಹಾಕಿಸಿದೆವು. ಹಿಟ್ಟಿನ ಗಿರಣಿ, ರುಬ್ಬುವ ಯಂತ್ರಗಳ ಕೆಲಸವನ್ನೂ ಹಗಲಿಗೆ ತಂದೆವು. ಅಡುಗೆ ಮನೆಯ ಶರಣೆಯರು ಮೊದಲಿಗೆ ಗೊಣಗಿದರು. ಈಗ ಸಂಜೆ ಬೇಗ ಮನೆಗೆ ಹೋಗುತ್ತಾರೆ.

ಭಕ್ತರ ಮನೆಗಳಲ್ಲಿ ಸಾಧ್ಯವಿರುವುದೂ ಇದೇ ಬಗೆಯದು. ನೀರಿನ ಮೋಟಾರು, ಇಸ್ತ್ರಿ, ವಾಷಿಂಗ್ ಮಷೀನ್ ಇವುಗಳನ್ನು ಸಂಜೆ ಆರರಿಂದ ಹತ್ತರವರೆಗೆ ಮುಟ್ಟದಿರುವುದು. ಗೀಸರ್ ಇದ್ದಲ್ಲಿ ಸ್ನಾನಕ್ಕೆ ಹೊರಡುವ ಮುನ್ನ ಹಾಕಿ, ಒಳಗೆ ಹೋಗುವಾಗ ತೆಗೆಯುವುದು. ಹಳೆಯ 75 ವಾಟ್‌ನ ಫ್ಯಾನು ಕೆಟ್ಟಾಗ ಮೋಟಾರು ಸುತ್ತಿಸುವ ಬದಲು, ಅನುಕೂಲವಿದ್ದವರು 30 ವಾಟ್‌ನ ಆಸುಪಾಸಿನ ಬಿಎಲ್‌ಡಿಸಿ ಫ್ಯಾನು ತರುವುದು. ದಿನಕ್ಕೆ ಹನ್ನೆರಡು ತಾಸು ತಿರುಗುವ ನಮ್ಮ ಬಿಸಿಲುನಾಡಿನಲ್ಲಿ ಅರ್ಧ ಯೂನಿಟ್ ದಿನವೂ ಉಳಿಯುತ್ತದೆ. ಅರ್ಥ್ ಅವರ್‌ನ ಆ 90 ವಾಟ್-ಗಂಟೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿರಿ.

ಈ ವರ್ಷದ ಏರ್ಪಾಡು ಹೀಗಿದೆ. 8:30ಕ್ಕೆ ಗಂಟೆ ಬಾರಿಸಿದಾಗ ಆವರಣದ ವಿದ್ಯುದ್ದೀಪಗಳನ್ನು ಆರಿಸಲಾಗುವುದು. ಮೆಟ್ಟಿಲುಗಳ ಹತ್ತಿರದ ಎರಡು ದೀಪಗಳು ಮತ್ತು ಹೆದ್ದಾರಿಗೆ ಕೂಡುವ ದಾರಿಯ ದೀಪ ಇರುತ್ತವೆ. ವಯಸ್ಸಾದವರು ಎಡವಿ ಬೀಳುವುದು ಯಾವ ಅರಿವಿಗೂ ಬೇಡ. ಫ್ಯಾನುಗಳು ನಡೆಯುತ್ತವೆ. ಜನರೇಟರ್ ಹಚ್ಚುವುದಿಲ್ಲ, ಮೈಕು ಇರುವುದಿಲ್ಲ. ಎಲ್ಲರೂ ಗದ್ದುಗೆಯ ಮುಂದಿನ ಪೌಳಿಯಲ್ಲಿ ಹತ್ತಿರ ಹತ್ತಿರ ಕುಳಿತುಕೊಂಡರೆ ಪೂಜ್ಯರ ಮಾತು ಕೇಳುತ್ತದೆ. ಮೇಣದ ಬತ್ತಿಗಳನ್ನು ತರಬೇಡಿರಿ. ಅಂಗಡಿಯ ಮೇಣದ ಬತ್ತಿ ಬಹುಪಾಲು ಕಲ್ಲೆಣ್ಣೆಯಿಂದ ಬಂದ ಪ್ಯಾರಾಫಿನ್. ಹಣತೆ ಸಾಕು, ಅದೂ ಹತ್ತು ಜನಕ್ಕೊಂದು. ಚಿಕ್ಕ ಮಕ್ಕಳನ್ನು ಕರೆತರುವ ತಾಯಂದಿರು ಸೆರಗಿನ ಕಡೆಗೆ ಗಮನವಿಡಬೇಕು.

ಮನೆಯಲ್ಲಿಯೇ ಆಚರಿಸುವವರಿಗೆ ಒಂದೆರಡು ಮಾತು. ಇದು ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ದಿನಗಳು. ಓದುವ ಮಕ್ಕಳ ದೀಪವನ್ನು ಆರಿಸಬೇಡಿರಿ. ರೋಗಿಗಳಿರುವ ಕೋಣೆಯದೂ ಬೇಡ. ಫ್ರಿಜ್ ಬಂದ್ ಮಾಡುವ ಅಗತ್ಯವಿಲ್ಲ. 9:30 ಆಯಿತೆಂದು ಎಲ್ಲ ಗುಂಡಿಗಳನ್ನು ಒಮ್ಮೆಲೇ ಒತ್ತದೆ, ಮೊದಲು ಅಡುಗೆ ಮನೆ, ಆಮೇಲೆ ಪಡಸಾಲೆ ಎಂಬಂತೆ ಒಂದೊಂದಾಗಿ, ಬೇಕಾದುದನ್ನು ಮಾತ್ರ ಹಾಕಿರಿ. ಮಠದ ಮೀಟರಿನ ಆ ತಿಂಗಳ ಮತ್ತು ಕಳೆದ ವರ್ಷದ ಅದೇ ತಿಂಗಳ ಅಂಕಿಗಳನ್ನು ಅಮಾವಾಸ್ಯೆಯ ಶಿವಾನುಭವ ಗೋಷ್ಠಿಯಲ್ಲಿ ಓದಿ ಹೇಳುತ್ತೇನೆ. ಇಷ್ಟವಿದ್ದವರು ತಮ್ಮ ಮನೆಯ ಬಿಲ್ಲಿನ ಹಾಳೆ ತನ್ನಿರಿ. ಸೊನ್ನೆ ಬಿಲ್ಲಿನ ಮೇಲೂ ಯೂನಿಟ್ಟಿನ ಸಂಖ್ಯೆ ಅಚ್ಚಾಗಿರುತ್ತದೆ.